ಅಡಿಗೊಂದು ನೂಲು

ನಮ್ಮ ಮನೆಯಲ್ಲಿ ಎರಡು ಥರದ ಅಡಿಗಳಿದ್ದವು. ಒಂದು ಊರವರೆಲ್ಲರ ಅಡಿ, ಇನ್ನೊಂದು ಅಪ್ಪನ ಅಡಿ.

ಅಪ್ಪ ಭದ್ರಾವತಿಯಲ್ಲಿ ಎರಕದ ಕೆಲಸಕ್ಕೆ ಪ್ಯಾಟರ್ನ್ ಮಾಡುವ ಬಡಗಿಯಾಗಿದ್ದರು. ಕಬ್ಬಿಣದ ಚಕ್ರ ಬೇಕಾದರೆ ಮೊದಲು ಅದನ್ನು ಮರದಲ್ಲಿ ಮಾಡಬೇಕು. ಆ ಮರದ ಚಕ್ರವನ್ನು ಮರಳಿನಲ್ಲಿ ಒತ್ತಿ ಎತ್ತಿದರೆ ಅಚ್ಚು ಉಳಿಯುತ್ತದೆ. ಅಚ್ಚಿಗೆ ಕರಗಿದ ಕಬ್ಬಿಣ ಹುಯ್ದರೆ ಚಕ್ರ ಬರುತ್ತದೆ. ಮರದ ಕೆಲಸ ಅಪ್ಪನದು, ಮರಳಿನ ಕೆಲಸ ಪಕ್ಕದ ಮನೆಯ ಮಾಮನದು. ಆದರೆ ಕಬ್ಬಿಣಕ್ಕೆ ಒಂದು ಗುಣವಿದೆ. ತಣ್ಣಗಾಗುವಾಗ ಕುಗ್ಗುತ್ತದೆ. ಅಡಿಗೆ ಒಂದು ನೂಲಿನಷ್ಟು. ಬಡಗಿಗಳ ಲೆಕ್ಕದಲ್ಲಿ ಇಂಚಿಗೆ ಎಂಟು ನೂಲು. ಅದಕ್ಕೆಂದೇ ಪ್ಯಾಟರ್ನ್ ಮಾಡುವವರ ಬಳಿ ಒಂದು ಬೇರೆ ಸ್ಕೇಲು ಇರುತ್ತದೆ. ನೋಡಿದರೆ ಎಲ್ಲ ಸ್ಕೇಲಿನ ಹಾಗೇ. ಗೀಟು, ಅಂಕಿ ಎಲ್ಲ ಅದೇ. ಆದರೆ ಅದರ ಒಂದು ಅಡಿ ಊರಿನ ಅಡಿಗಿಂತ ಒಂದು ನೂಲು ಉದ್ದ. ಮುಂದೆ ಕುಗ್ಗುವುದನ್ನು ಈಗಲೇ ಸೇರಿಸಿಕೊಂಡು ಅಳೆಯುವ ಸ್ಕೇಲು ಅದು.

ಇದೆಲ್ಲ ನನಗೆ ತಿಳಿದದ್ದು ಅತ್ತ ಮೇಲೆ. ನನಗೂ ಮಾಮನ ಮಗಳಿಗೂ ಆಗ ಏಳೋ ಎಂಟೋ ವರ್ಷ. ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ ಇಬ್ಬರೂ ಸಮ. ಆದರೆ ಅವಳ ಅಮ್ಮ ಟೇಪಿನಲ್ಲಿ ಅಳೆದರೆ ಅವಳು ನಾಲ್ಕಡಿ, ನಮ್ಮಪ್ಪ ತಮ್ಮ ಸ್ಕೇಲಿನಲ್ಲಿ ಅಳೆದರೆ ನಾನು ನಾಲ್ಕಡಿಗೆ ಅರ್ಧ ಇಂಚು ಕಮ್ಮಿ! ಒಂದು ಮಧ್ಯಾಹ್ನವಿಡೀ ಅತ್ತೆ. ಅಮ್ಮ ಒಲೆಯ ಮುಂದಿನಿಂದಲೇ, "ನಿಮ್ಮಪ್ಪನ ಅಡಿಯಲ್ಲಿ ಅಳೆದರೆ ಈ ಮನೆಯಲ್ಲಿ ಎಲ್ಲರೂ ಗಿಡ್ಡರೇ, ಸುಮ್ನಿರು ಮಾರಾಯ್ತಿ," ಎಂದಳು. ಅಪ್ಪ ಮಾತ್ರ ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು: "ಪುಟ್ಟಿ, ನೀನು ಗಿಡ್ಡ ಆದ್ಯಾ, ಅಂಕಿ ಗಿಡ್ಡ ಆಯ್ತಾ?"

ನನಗೆ ಗೊತ್ತಾಗಲಿಲ್ಲ. "ಗೊತ್ತಿಲ್ಲ" ಅಂದೆ. "ಒಳ್ಳೇ ಉತ್ತರ," ಎಂದರು.

ಅಪ್ಪನಿಗೂ ಮಾಮನಿಗೂ ಭಾನುವಾರ ಬೆಳಗಾದರೆ ಇಂಥ ಮಾತುಗಳೇ ತಿಂಡಿ. ಎರಡು ಮನೆಗಳ ನಡುವೆ ಒಂದು ಕಲ್ಲುಬೆಂಚು, ಎರಡು ಲೋಟ ಕಾಫಿ. ಅಪ್ಪನಿಗೆ ಮಾಮ 'ತಂಬಿ', ಮಾಮನಿಗೆ ಅಪ್ಪ 'ಅಣ್ಣ'. ಮಾಮನ ಮನೆಮಾತು ತಮಿಳು. ಹುಟ್ಟಿ ಬೆಳೆದದ್ದೆಲ್ಲ ಭದ್ರಾವತಿಯಲ್ಲೇ ಆದ್ದರಿಂದ ಎರಡು ಭಾಷೆಯನ್ನೂ ಒಂದೇ ತಟ್ಟೆಯಲ್ಲಿ ಕಲೆಸಿಕೊಂಡು ಉಣ್ಣುವ ಮನುಷ್ಯ. ಹೆಸರಿಲ್ಲದ ವಸ್ತು ಉಂಟಾ, ಹಸುವಿಗೆ ತಾನು ಹಸು ಅಂತ ಗೊತ್ತಾ, 'ನಾಳೆ' ಅನ್ನುವುದು ಎಲ್ಲಿದೆ, ಹೀಗೆ ಏನಾದರೂ ಒಂದನ್ನು ಹಿಡಿದು ಬಿಸಿಲು ಬೆಂಚಿಗೆ ಬರುವ ತನಕ ಎಳೆಯುತ್ತಿದ್ದರು. ಇಬ್ಬರೂ ಓದಿದ್ದು ಕಮ್ಮಿ. ನನ್ನ ಬಾಯಲ್ಲಿ ಇವತ್ತು ಇರುವ ಮಾತಿನಲ್ಲಿ ಅರ್ಧಕ್ಕರ್ಧ ಆ ಬೆಂಚಿನ ಕೆಳಗೆ ಗೋಲಿ ಆಡುತ್ತಾ ಹೆಕ್ಕಿಕೊಂಡದ್ದು.

ಆ ಬೆಂಚಿಗೆ ಒಂದು ಕಟ್ಟಳೆಯಿತ್ತು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಅಲ್ಲಗಳೆಯಬೇಕಾದರೆ, ಮೊದಲು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಿದವನು "ಹೌದು, ಅದೇ" ಅನ್ನಬೇಕು. ಆಮೇಲೆ ಬೇಕಾದರೆ ಜಗಳ. ಇದಕ್ಕೆ ಅವರು ಇಟ್ಟ ಹೆಸರು 'ಅಚ್ಚು ತೋರಿಸು'. ಮರಳಿನಿಂದ ಪ್ಯಾಟರ್ನ್ ಎತ್ತಿದ ಮೇಲೆ ಮೋಲ್ಡರ್ ಒಮ್ಮೆ ದೀಪ ಹಿಡಿದು ಅಚ್ಚನ್ನು ನೋಡುತ್ತಾನೆ. ಮೂಲೆ ಉದುರಿದೆಯಾ, ಹರಳು ಬಿದ್ದಿದೆಯಾ ಅಂತ. ನೋಡದೆ ಯಾರೂ ಹುಯ್ಯುವುದಿಲ್ಲ. ಇವರಿಬ್ಬರೂ ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಎರಕವೊಂದು ಕೆಟ್ಟು, ನಿನ್ನ ಮರ ಸರಿಯಿಲ್ಲ, ನಿನ್ನ ಮರಳು ಸರಿಯಿಲ್ಲ ಎಂದು ಕೊರಳಪಟ್ಟಿ ಹಿಡಿದುಕೊಂಡಿದ್ದರಂತೆ. ಆಗ ವಯಸ್ಸಾದ ಮೇಸ್ತ್ರಿ ಬಂದು, "ಅವನ ದೂರು ನೀನು ಹೇಳು, ನಿನ್ನ ದೂರು ಅವನು ಹೇಳಲಿ," ಅಂದರಂತೆ. ಹೇಳುತ್ತಾ ಹೇಳುತ್ತಾ ಇಬ್ಬರಿಗೂ ನಗು ಬಂತಂತೆ. ಅಲ್ಲಿಂದ ಈ ಕಟ್ಟಳೆ.

ಅಜ್ಜಿಗೆ ಇದು ಹಿಡಿಸುತ್ತಿರಲಿಲ್ಲ. "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವರದ್ದೇನು ಆಡಿದ್ದನ್ನೇ ಆಡೋದು?" ಎನ್ನುತ್ತಿದ್ದಳು. ಅಪ್ಪ, "ಮುತ್ತಿನ ಕಥೆ ಬೇರೆ ಅಮ್ಮ. ಕಬ್ಬಿಣ ಒಡೆದರೆ ಕರಗಿಸಿ ಮತ್ತೆ ಹುಯ್ಯಬಹುದು," ಎನ್ನುತ್ತಿದ್ದರು.

ಇಬ್ಬರೂ ಕೆಲಸದಿಂದ ನಿವೃತ್ತರಾದ ಮೇಲೆ, ಊರಿನ ಹತ್ತಿರದ ಸೋಗಾನೆಯಲ್ಲಿ ಬರಲಿದ್ದ ವಿಮಾನ ನಿಲ್ದಾಣದ ಬಗ್ಗೆ ವಾದಿಸುತ್ತಾ ಎಷ್ಟು ಭಾನುವಾರ ಕಳೆದರೋ! ಆಗ ಅಲ್ಲಿ ಇದ್ದದ್ದು ಬಯಲು. ಊರೆಲ್ಲ ಮಾತ್ರ "ಏರ್‌ಪೋರ್ಟ್ ಹತ್ರ ಸೈಟು," "ಏರ್‌ಪೋರ್ಟ್ ರೋಡು" ಎಂದು ಮಾತಾಡುತ್ತಿತ್ತು.

"ಇಲ್ಲದ್ದಕ್ಕೆ ಹೆಸರಿಟ್ಟು ಕೂಗೋದು ಸುಳ್ಳು ಅಣ್ಣಾ," ಮಾಮ ಎನ್ನುತ್ತಿದ್ದ.

"ಅಂದ್ರೆ ವಸ್ತು ಮೊದಲು, ಹೆಸರು ಆಮೇಲೆ ಅಂತೀಯ?"

"ಆಮಾ, ಅದೇ."

"ಹಂಗಾದ್ರೆ ಕಬ್ಬಿಣದ ಚಕ್ರಕ್ಕೆ ಮುಂಚೆ ನಾನು ಮಾಡ್ತಿದ್ದ ಮರದ ಚಕ್ರ ಸುಳ್ಳಾ? ಅದೂ ಚಕ್ರ ಅಲ್ಲ. ಆದರೆ ಅದಿಲ್ದೆ ನಿಂಗೆ ಚಕ್ರ ಇಲ್ಲ. ಕೆಲವು ಮಾತು ಪ್ಯಾಟರ್ನ್ ಇದ್ದಂಗೆ ತಂಬಿ. ಇರೋದನ್ನ ಹೇಳಲ್ಲ, ಆಗಬಹುದಾದ್ದನ್ನ ಹೇಳುತ್ತೆ."

ಮಾಮ ಒಪ್ಪಲಿಲ್ಲ. ವರ್ಷಗಳಾದ ಮೇಲೆ ನಿಲ್ದಾಣ ಶುರುವಾಗಿ, ಬೆಂಚಿನ ನೆತ್ತಿಯ ಮೇಲೆ ವಿಮಾನವೊಂದು ಹೋದಾಗ ಲೋಟ ಕೆಳಗಿಟ್ಟು, "ಅಣ್ಣಾ, ನಿನ್ನ ಪ್ಯಾಟರ್ನ್ ಹೋಗ್ತಾ ಇದೆ ನೋಡು," ಎಂದ. ಅಷ್ಟೇ. ಸೋತೆ ಅನ್ನಲಿಲ್ಲ, ಗೆದ್ದೆ ಅಂತ ಅಪ್ಪನೂ ಅನ್ನಲಿಲ್ಲ.

ನಾನು ಮದುವೆಯಾಗಿ ಶಿವಮೊಗ್ಗದ ಹೊಸಮನೆ ಬಡಾವಣೆಗೆ ಬಂದು ಮೂವತ್ತು ವರ್ಷ ದಾಟಿತು. ಅಮ್ಮ, ಅಜ್ಜಿ ಇಬ್ಬರೂ ಈಗಿಲ್ಲ. ಅಪ್ಪ ಭದ್ರಾವತಿಯ ಅದೇ ಮನೆಯಲ್ಲಿ ನನ್ನ ತಮ್ಮ ಮತ್ತು ಅವನ ಹೆಂಡತಿಯ ಜೊತೆ ಇದ್ದಾರೆ. ತಮ್ಮನದು ಗಾಡಿ ಬಿಡಿಭಾಗದ ಅಂಗಡಿ. ಎಂಬತ್ತು ದಾಟಿದ ಅಪ್ಪ ಬೆಳಿಗ್ಗೆ ಸ್ನಾನ ಮುಗಿಸಿ ಹಿತ್ತಿಲ ಶೆಡ್ಡಿಗೆ ಹೋಗಿ ಏನಾದರೂ ಕೆತ್ತುತ್ತಾ ಕೂರುತ್ತಾರೆ. ಮಣೆಯೋ, ಕಡಗೋಲೋ, ಯಾರದೋ ಮಂಚದ ಕಾಲೋ.

ಹೋದ ವರ್ಷ ನಮ್ಮ ಉಗ್ರಾಣದ ಬಾಗಿಲಿಗೆ ಗೆದ್ದಲು ಹಿಡಿಯಿತು. ಅಂಗಡಿಯಲ್ಲಿ ರೆಡಿ ಬಾಗಿಲು ಸಿಗುತ್ತಿತ್ತು. ನಾನೇ ಅಪ್ಪನಿಗೆ ಫೋನ್ ಮಾಡಿ, "ಒಂದು ಬಾಗಿಲು ಮಾಡಿಕೊಡ್ತೀರಾ?" ಎಂದೆ. ಆ ಕಡೆ ಪೆನ್ಸಿಲು ಹುಡುಕುವ ಸದ್ದು. ಆಮೇಲೆ, "ಅಳತೆ ಹೇಳು," ಎಂದರು. ಟೇಪು ಹಿಡಿದು ಎರಡೆರಡು ಸಲ ಅಳೆದು ಹೇಳಿದೆ: ಎತ್ತರ ಆರಡಿ, ಅಗಲ ಎರಡೂವರೆ.

ಒಂದೂವರೆ ತಿಂಗಳಾದ ಮೇಲೆ ಬಾಗಿಲು ಲಗೇಜ್ ಆಟೋದಲ್ಲಿ ಬಂತು. ಹಳೇ ತೇಗದ ಹಲಗೆ, ಮುಟ್ಟಿದರೆ ರೇಷ್ಮೆ. ಜೊತೆಗೆ ತಮ್ಮ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಅಪ್ಪ. ಎತ್ತಿ ಚೌಕಟ್ಟಿಗೆ ಇಟ್ಟರೆ ಕೂರುವುದಿಲ್ಲ! ಮೇಲೂ ತಾಗುತ್ತದೆ, ಪಕ್ಕಕ್ಕೂ ತಾಗುತ್ತದೆ. ನಮ್ಮ ಯಜಮಾನರು ಟೇಪು ತಂದು ಅಳೆದು, "ಮುಕ್ಕಾಲು ಇಂಚು ಜಾಸ್ತಿ ಇದೆ ಮಾವ," ಎಂದರು.

ಆರಡಿಗೆ ಮುಕ್ಕಾಲು ಇಂಚು. ಎಂದರೆ ಆರು ನೂಲು. ಅಡಿಗೊಂದು. ಅಪ್ಪ ಲೆಕ್ಕ ಹಾಕಿದ್ದು ನನಗೆ ಅವರ ಮುಖದಲ್ಲೇ ಕಂಡಿತು. ಎರಕದ ಸ್ಕೇಲಿನಲ್ಲಿ ಬಾಗಿಲು ಮಾಡಿಬಿಟ್ಟಿದ್ದರು.

ತಮ್ಮ ಬಾಗಿಲನ್ನು ಗೋಡೆಗೆ ಒರಗಿಸಿ ಬೆವರು ಒರೆಸಿಕೊಂಡ. "ಅಪ್ಪಾ, ಇನ್ನು ಸಾಕು. ಆ ಶೆಡ್ ಖಾಲಿ ಮಾಡಿಸ್ತೀನಿ. ಗಾಡಿ ನಿಲ್ಲಿಸೋಕಾದ್ರೂ ಆಗುತ್ತೆ."

ಅಪ್ಪ ನಾನು ಕೊಟ್ಟ ಕಾಫಿಯನ್ನು ಅರ್ಧ ಕುಡಿದು ಆಟೋದಲ್ಲಿ ಕೂತರು.

ಬೇರೆ ಬಡಗಿಯನ್ನು ಕರೆಸಿ ಕೀಸಿಸೋಣ ಎಂದರು ನಮ್ಮವರು. ನಾನು ಬೇಡ ಎಂದೆ. ಆ ಬಾಗಿಲಿನ ಮೇಲೆ ಇನ್ನೊಬ್ಬರ ಕೈ ಬೀಳುವುದು ನನಗೆ ಬೇಕಿರಲಿಲ್ಲ. ಅದು ನಡುಮನೆಯಲ್ಲಿ ಗೋಡೆಗೊರಗಿ ನಿಂತೇ ಇತ್ತು. ಬಂದವರೆಲ್ಲ, "ಎಷ್ಟು ಚೆನ್ನಾಗಿದೆ, ಯಾಕೆ ಹಾಕಿಲ್ಲ?" ಎಂದು ಕೇಳುವರು.

ಮೂರು ವಾರ ಕಳೆಯಿತು. ಒಂದು ಶನಿವಾರ ತಮ್ಮನ ಹೆಂಡತಿ ಫೋನ್ ಮಾಡಿದಳು. "ಅತ್ತಿಗೆ, ಮಾವ ಶೆಡ್ಡಿಗೂ ಹೋಗ್ತಿಲ್ಲ, ಬೆಂಚಿಗೂ ಹೋಗ್ತಿಲ್ಲ. ಟೀವಿ ಮುಂದೆ ಕೂರ್ತಾರೆ, ಟೀವಿನೂ ಹಾಕಲ್ಲ. ನಾಳೆ ಗುಜರಿಯವನಿಗೆ ಬರಹೇಳಿದಾರೆ ನಿಮ್ಮ ತಮ್ಮ. ನೀವೊಂದ್ಸಲ ಬನ್ನಿ."

ಭಾನುವಾರ ಮೊದಲ ಬಸ್ಸಿಗೇ ಹೋದೆ. ಬೆಂಚಿನ ಮೇಲೆ ಮಾಮ ಒಬ್ಬನೇ. ಪಕ್ಕದಲ್ಲಿ ಎರಡು ಲೋಟ, ಒಂದು ಮುಟ್ಟದೆ ಕೆನೆ ಕಟ್ಟಿತ್ತು.

"ಮೂರು ವಾರ ಆಯ್ತು ಪಾಪಾ," ಎಂದ ಮಾಮ. ನನಗೀಗ ಮೊಮ್ಮಗುವಿದೆ, ಮಾಮನಿಗೆ ಮಾತ್ರ ನಾನು ಇನ್ನೂ ಪಾಪಾನೇ. "ನಾನೂ ಬಿಡದೆ ಎರಡು ಕಾಫಿ ತರ್ತೀನಿ. ನಿಮ್ಮಪ್ಪ ಬಾಗಿಲ ತನಕ ಬಂದು ವಾಪಸ್ ಹೋಗ್ತಾನೆ."

"ನಾನೇ ಆ ಬಾಗಿಲು ಕೇಳಬಾರದಿತ್ತು ಮಾಮ."

"ಏ, ಅದೇನು ದೊಡ್ಡ ವಿಷಯ! ನೀನು ಅಳೆದಿದ್ದು ಊರಿನ ಅಡೀಲಿ, ಅವನು ಮಾಡಿದ್ದು ಅವನ ಅಡೀಲಿ. ಇಬ್ಬರೂ ಒಂದೇ ಸ್ಕೇಲ್ ಹಿಡಿದಿದ್ರೆ, ಅದು ಯಾವ ಸ್ಕೇಲ್ ಆದ್ರೂ ಸರಿ, ಬಾಗಿಲು ಜಮ್ ಅಂತ ಕೂರ್ತಿತ್ತು. ಗಂಡ ಹೆಂಡ್ತಿ ಜಗಳವೂ ಇಷ್ಟೇ."

ಅಷ್ಟರಲ್ಲಿ ಗುಜರಿಯವನ ಕೈಗಾಡಿ ಬಂತು. ತಮ್ಮ ಒಳಗಿನಿಂದ ಬಂದು ಶೆಡ್ಡಿನ ಬೀಗ ತೆಗೆದ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಾಮ ಎದ್ದ. ಮೊಣಕಾಲು ನೋವಿನ ಮನುಷ್ಯ, ಬೆಂಚು ಬಿಟ್ಟು ಏಳುವುದೇ ಅಪರೂಪ. ಸೀದಾ ಶೆಡ್ಡಿಗೆ ನುಗ್ಗಿ ಮೊಳೆಗೆ ನೇತುಹಾಕಿದ್ದ ಆ ಸ್ಕೇಲನ್ನು ತೆಗೆದುಕೊಂಡು ಬಂದು ಬೆಂಚಿನ ಮೇಲೆ ಟಪ್ಪನೆ ಇಟ್ಟ.

"ಅಚ್ಚು ತೋರಿಸದೆ ಇಲ್ಲಿ ಯಾರೂ ಹುಯ್ಯಂಗಿಲ್ಲ. ಅಪ್ಪ, ಮಗ ಇಬ್ಬರೂ ಬಂದು ಕೂತ್ಕೊಳ್ಳಿ."

"ಮಾಮಾ, ಇದು ನಿಮ್ಮ ಭಾನುವಾರದ ಹರಟೆ ಅಲ್ಲ," ಎಂದ ತಮ್ಮ.

"ಇವತ್ತು ಭಾನುವಾರ ತಾನೇ?"

ಗುಜರಿಯವನು, "ಸಾಬ್, ಮಾಲು ಇದೆಯಾ ಇಲ್ವಾ?" ಎಂದ. "ಇದ್ರೂ ಇರಬಹುದು, ಇಲ್ದೇನೂ ಇರಬಹುದು. ಅದನ್ನೇ ನೋಡ್ತಾ ಇದೀವಿ, ನೀನೂ ಕೂರು," ಎಂದ ಮಾಮ. ಅವನು ಕೈಗಾಡಿಯ ಅಂಚಿಗೆ ಕೂತ. ನಾನು ಅಪ್ಪನ ಕೈ ಹಿಡಿದು ಕರೆತಂದೆ.

ತಮ್ಮ ನಿಂತುಕೊಂಡೇ ಶುರು ಮಾಡಿದ. "ನನ್ನದೇನಿದೆ? ಅಪ್ಪನಿಗೆ ಮರೆವು ಶುರುವಾಗಿದೆ. ಆರಡಿ ಬಾಗಿಲೇ ತಪ್ಪಿತು. ಶೆಡ್ ಸುಮ್ನೆ ಜಾಗ ತಿಂತಾ ಇದೆ. ಅಷ್ಟೇ."

"ಅಣ್ಣಾ, ಅಚ್ಚು ತೋರಿಸು. ಅವನು ಹೇಳಿದ್ದು ಏನು?"

ಅಪ್ಪ ನೆಲ ನೋಡುತ್ತಾ ಹೇಳಿದರು. "ನಾನು ಕೆಲಸಕ್ಕೆ ಬಾರದವನು ಅಂತ."

"ಹಂಗೆ ಹೇಳಿದ್ಯಾ ತಮ್ಮಾ?"

"ಇಲ್ಲ."

"ಅಚ್ಚು ಉದುರಿದೆ ಅಣ್ಣಾ. ಮತ್ತೆ ಒತ್ತು."

"ನಾನು ಮನೆಗೆ ಭಾರ ಅಂತ ಹೇಳ್ತಿದಾನೆ."

"ಅಪ್ಪಾ!" ತಮ್ಮ ಒಂದು ಹೆಜ್ಜೆ ಮುಂದೆ ಬಂದ. "ಅಲ್ಲ. ಖಂಡಿತಾ ಅಲ್ಲ."

"ಮತ್ತೆ ಒತ್ತು."

ಅಪ್ಪ ಈ ಸಲ ತಲೆಯೆತ್ತಿ ಮಗನ ಮುಖ ನೋಡಿದರು. ತುಂಬ ಹೊತ್ತು ನೋಡಿದರು. ಬಿರುಕಿಗಾಗಿ ಹಲಗೆಯನ್ನು ನೋಡುವ ಹಾಗೆ.

"ನಿಂಗೆ ಹೆದರಿಕೆ ಆಗಿದೆ," ಎಂದರು.

ತಮ್ಮ ಬೆಂಚಿನ ತುದಿಗೆ ಕೂತ. "ನೀವು ಆ ಬಾಗಿಲು ಮಾಡ್ತಿದ್ದಾಗ ಒಂದಿನ ನಾನು ಊಟಕ್ಕೆ ಬಂದ್ರೆ ಶೆಡ್ಡಲ್ಲಿ ಕರೆಂಟಿನ ಗರಗಸ ತಿರುಗ್ತಾ ಇತ್ತು. ನೀವು ಅದಕ್ಕೆ ಬೆನ್ನು ಹಾಕ್ಕೊಂಡು ಕನ್ನಡಕ ಹುಡುಕ್ತಾ ಇದ್ರಿ. ಪಂಚೆ ಚುಂಗು ಗರಗಸಕ್ಕೆ ಇಷ್ಟೇ ದೂರ. ನಾನು ಕರೆಂಟ್ ತೆಗೆದೆ, ಏನೂ ಹೇಳ್ಲಿಲ್ಲ. ಹೇಳಕ್ಕೆ ಬರ್ಲಿಲ್ಲ. ಅಂಗಡೀಲಿ ಕೂತ್ರೂ ಆ ಸದ್ದೇ ಕಿವೀಲಿ. ಬಾಗಿಲು ತಪ್ಪಿದ್ದು ಒಂದು ನೆಪ ಆಯ್ತು, ಅಷ್ಟೇ." ಆಮೇಲೆ, "ಹೌದು ಅಪ್ಪಾ. ಅದೇ," ಎಂದ.

ಗುಜರಿಯವನು ಬೀಡಿ ಹಚ್ಚುವುದನ್ನು ಮರೆತಿದ್ದ.

"ಈಗ ಅಣ್ಣನ ಸರದಿ," ಎಂದ ಮಾಮ.

ಅಪ್ಪ ಸ್ಕೇಲನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಇದನ್ನ ಯಾಕೆ ಎತ್ಕೊಂಡೆ ಅಂತ ನಂಗೂ ಗೊತ್ತಿಲ್ಲ. ಬದುಕೆಲ್ಲ ಇದನ್ನೇ ಎತ್ಕೊಂಡ ಕೈ, ತಾನಾಗೇ ಇದಕ್ಕೇ ಹೋಯ್ತು. ಮರೆವೂ ಇರಬಹುದು, ಇಲ್ಲ ಅನ್ನಲ್ಲ. ಆದ್ರೆ ಅಳತೆ ಇಡೋದ್ರಲ್ಲಿ ತಪ್ಪಿಲ್ಲ ನೋಡು. ಆರಡಿಗೆ ಆರೇ ನೂಲು, ಐದೂವರೆ ಅಲ್ಲ! ಆ ಬಾಗಿಲನ್ನ ಕಬ್ಬಿಣದಲ್ಲಿ ಎರಕ ಹುಯ್ದಿದ್ರೆ ಪುಟ್ಟಿ ಮನೇಲಿ ಕೂದಲೆಳೆ ವ್ಯತ್ಯಾಸ ಇಲ್ದೆ ಕೂರ್ತಿತ್ತು."

"ಉಗ್ರಾಣಕ್ಕೆ ಕಬ್ಬಿಣದ ಬಾಗಿಲು! ನಾನೇನು ಜೈಲು ಕಟ್ಟಿಸ್ತಿದೀನಾ?" ಎಂದೆ. ಅಪ್ಪ ನಕ್ಕರು. ಮೂರು ವಾರದಲ್ಲಿ ಅದೇ ಮೊದಲ ನಗುವಂತೆ. ತಮ್ಮನ ಹೆಂಡತಿ ಆಮೇಲೆ ಹೇಳಿದಳು.

"ತಮ್ಮಾ, ನೀನು ತೋರಿಸು," ಎಂದ ಮಾಮ.

ತಮ್ಮ ತಡವರಿಸಿದ. "ಒಂದ್ಸಲ ತಪ್ಪಿದ್ರೂ ಕೈಯಲ್ಲಿ ಕಸುಬು ಇನ್ನೂ ಇದೆ. ಅದಕ್ಕೆ ಬಾಗಿಲು, ಮಂಚ ಎಲ್ಲ ಮಾಡೋಕೆ ಬಿಡಬೇಕು ಅಂತ."

"ಅರ್ಧ ಸರಿ," ಎಂದರು ಅಪ್ಪ.

"ಇನ್ನರ್ಧ?"

ಅಪ್ಪ ಸ್ಕೇಲಿನ ಗೀಟುಗಳ ಮೇಲೆ ಬೆರಳಾಡಿಸಿದರು. ಅಷ್ಟು ಮಾತಿನ ಮನುಷ್ಯನಿಗೆ ತನ್ನದೇ ವಿಷಯಕ್ಕೆ ಮಾತಿರಲಿಲ್ಲ. ಅಡುಗೆಮನೆ ಕಿಟಕಿಯಿಂದ ತಮ್ಮನ ಹೆಂಡತಿಯ ದನಿ ಬಂತು.

"ನಾನು ಹೇಳ್ಲಾ ಮಾವ? ಬಾಗಿಲು ಮಾಡ್ತೀರೋ ಬಿಡ್ತೀರೋ, ಅದಲ್ಲ. ಬೆಳಿಗ್ಗೆ ಎದ್ರೆ, ಇವತ್ತು ಏನಾದ್ರೂ ಮಾಡಬಹುದು ಅಂತ ಒಂದು ಇರಬೇಕು. ಶೆಡ್ ಹೋದ್ರೆ ಆ 'ಬಹುದು' ಹೋಗುತ್ತೆ. ಅಲ್ವಾ?"

ಅಪ್ಪ ಕಿಟಕಿಯ ಕಡೆ ತಿರುಗಿದರು. "ಹೌದಮ್ಮ," ಎಂದರು. "ಹೌದು, ಅದೇ."

ಮಾಮ ತೊಡೆ ತಟ್ಟಿಕೊಂಡ. "ಅಣ್ಣಾ, ಇಷ್ಟು ವರ್ಷ ನಾವಿಬ್ಬರೂ ದಂಡಕ್ಕೆ ಕೂತಿದ್ವಿ. ಈ ಹುಡುಗಿ ಸೌಟು ತಿರುಗಿಸ್ತಾ ಎಲ್ಲ ಕಲಿತಿದಾಳೆ."

"ಸೌಟು ಹಿಡ್ಕೊಂಡೋರಿಗೆ ಕಿವಿ ಇರಲ್ವಾ ಮಾಮ?" ಎಂದಳು ಅವಳು. "ಬೆಂಚಿಗೆ ಯಾರೂ ಕರೀಲಿಲ್ಲ, ಅದಕ್ಕೆ ಕಿಟಕೀಲೇ ಇದ್ದೆ." ನಾನೂ ಅವಳನ್ನು ಕರೆದವಳಲ್ಲ.

ಆಮೇಲಿನದು ಬೇಗ ಮುಗಿಯಿತು. ಕರೆಂಟಿನ ಗರಗಸವನ್ನು ಅಪ್ಪನೇ ತಂದು ಗುಜರಿಯವನ ಗಾಡಿಗೆ ಇಟ್ಟರು. ಉಳಿ, ಕೀಸುಳಿ, ಕೈಗರಗಸ, ಸುತ್ತಿಗೆ ಎಲ್ಲ ಇದ್ದಲ್ಲೇ ಉಳಿದವು. ಗುಜರಿಯವನು ಹೊರಡುವ ಮುಂಚೆ ತನ್ನ ಜೇಬಿನ ಟೇಪನ್ನು ಆ ಸ್ಕೇಲಿನ ಪಕ್ಕ ಹಿಡಿದು ನೋಡಿ, "ಸಾಬ್, ಇದು ಗಲತ್ ಇದೆ, ತಪ್ಪು ಅಳತೆ," ಎಂದ. ಅಪ್ಪನ ಕಣ್ಣು ಮಿಂಚಿತು. "ಗಲತ್ ಅಂದ್ರೇನು? ಕೂತ್ಕೋ, ಹೇಳ್ತೀನಿ," ಎಂದರು. ಪಾಪ, ಅವನಿಗೆ ಇನ್ನೂ ನಾಲ್ಕು ಬೀದಿ ತಿರುಗಬೇಕಿತ್ತು. ಕೈಮುಗಿದು ಹೋದ.

ಮರುವಾರ ಅಪ್ಪ, ತಮ್ಮ, ಅವನ ಹೆಂಡತಿ, ಮಾಮ ನಾಲ್ವರೂ ಹೊಸಮನೆಗೆ ಬಂದರು. ನಡುಮನೆಯಲ್ಲಿ ಎರಡು ಸ್ಟೂಲಿನ ಮೇಲೆ ಬಾಗಿಲನ್ನು ಅಡ್ಡ ಇಟ್ಟು ತಮ್ಮ ಒಂದು ತುದಿ ಹಿಡಿದುಕೊಂಡ. ಅಪ್ಪ ಕೀಸುಳಿ ಹಿಡಿದರು. ಸುರುಳಿ ಸುರುಳಿಯಾಗಿ ಸಿಪ್ಪೆ ಬಿತ್ತು, ತೇಗದ ವಾಸನೆ ಅಡುಗೆಮನೆ ತನಕ ತುಂಬಿತು. ನಡುನಡುವೆ ದಣಿವಾದಾಗ ಅಪ್ಪ ಕೀಸುಳಿಯನ್ನು ತಮ್ಮನ ಕೈಗೆ ಕೊಟ್ಟು ತುದಿ ಹಿಡಿದುಕೊಳ್ಳುತ್ತಿದ್ದರು. "ಒತ್ತಬೇಡ, ತಳ್ಳು. ಗಾಡಿ ಸ್ಟಾರ್ಟ್ ಆಗ್ದೆ ಇದ್ದಾಗ ತಳ್ಳಲ್ವಾ, ಹಂಗೆ," ಎನ್ನುತ್ತಿದ್ದರು.

ಮಾಮ ಸೋಫಾದಲ್ಲಿ ಕೂತು ಚಕ್ಕುಲಿ ಮುರಿಯುತ್ತಾ, "ದೊಡ್ಡದಾಗಿದ್ದಕ್ಕೆ ಬಚಾವ್ ಅಣ್ಣಾ. ಸಣ್ಣದಾಗಿದ್ರೆ ಏನ್ ಮಾಡ್ತಿದ್ದೆ?" ಎಂದ.

"ಸಣ್ಣದಾಗಿದ್ರೆ ಪುಟ್ಟಿ ಮನೆ ಬೆಕ್ಕಿಗೆ ಉಪಕಾರ ಆಗ್ತಿತ್ತು."

ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲು ಚೌಕಟ್ಟಿಗೆ ಕೂತಿತು. ಅಪ್ಪ ಮೆಲ್ಲಗೆ ದೂಡಿದರು. ಎಲ್ಲೂ ತಾಗದೆ ಹೋಗಿ ಟಕ್ ಎಂದು ನಿಂತಿತು. ತೆರೆದರು, ಮತ್ತೆ ಮುಚ್ಚಿದರು. ಅಂಗೈಯನ್ನು ಬಾಗಿಲಿನ ಮೇಲೆ ಇಟ್ಟು, "ಈಗ ತಣ್ಣಗಾಯ್ತು ನೋಡು," ಎಂದರು.

ಈಗ ಭಾನುವಾರ ಬೆಂಚಿನ ಮೇಲೆ ಲೋಟಗಳು ಹೆಚ್ಚಾಗಿವೆ. ತಮ್ಮನ ಹೆಂಡತಿ ಸೌಟನ್ನು ಗಂಡನ ಕೈಗೆ ಕೊಟ್ಟು ಬಂದು ಕೂರುತ್ತಾಳೆ. ತಮ್ಮ ಉಪ್ಪು ಎಷ್ಟು ಎಂದು ಕಿಟಕಿಯಿಂದ ಕೂಗುತ್ತಾನೆ. ಅಪ್ಪ ಮತ್ತೆ ತಪ್ಪಿ ಆ ಸ್ಕೇಲು ಎತ್ತಿಕೊಳ್ಳಬಾರದು ಎಂದು ಅವನೇ ಅಂಗಡಿಯಿಂದ ಬಣ್ಣ ತಂದು ಅದರ ತುದಿಗೆ ಕೆಂಪು ಬಳಿದಿದ್ದಾನೆ. ಮೊನ್ನೆ ನಾನು ಹೋದಾಗ ಅದರ ಮೇಲೇ ಮಾತು ನಡೆದಿತ್ತು. ಬಣ್ಣಕ್ಕೆ ಅರ್ಥ ಬಂದದ್ದು ಬಳಿದವನಿಂದಲೋ, ನೋಡುವವನಿಂದಲೋ? ಇದೇನೂ ಅರಿಯದ ಮನುಷ್ಯ ಬಂದು ಇದನ್ನು ಕಂಡರೆ ಅವನಿಗೂ ಅದು 'ಜೋಕೆ' ಅನ್ನುತ್ತದೆಯೋ, ಬರೀ ಕೆಂಪಾಗಿರುತ್ತದೆಯೋ?

"ಬರೀ ಕೆಂಪು," ಎಂದ ಮಾಮ.

"ಅಂದ್ರೆ ಹೇಳಿಕೊಡೋರು ಇಲ್ದೆ ಗುರುತು ಮಾತಾಡಲ್ಲ ಅಂತೀರಾ?" ಎಂದಳು ತಮ್ಮನ ಹೆಂಡತಿ.

ಮಾಮ ಯೋಚಿಸಿದ. "ಪೂರ್ತಿ ಹಂಗಲ್ಲ. ಮತ್ತೆ ಒತ್ತು."

ನನಗೆ ಹನ್ನೊಂದರ ಬಸ್ಸಿಗೆ ಹೊರಡಬೇಕಿತ್ತು. ಇನ್ನೂ ಯಾರೂ "ಹೌದು, ಅದೇ" ಅಂದಿರಲಿಲ್ಲ. ಮೆಟ್ಟಿದ್ದ ಚಪ್ಪಲಿ ಬಿಟ್ಟು ಮತ್ತೆ ಕೂತೆ.